ಬಿಸಿಲ ನಾಡಿಗೆ ಬಂದ ನೀರಿನ ಅತಿಥಿಗಳು

(ಬಾನುಲಿ ಭಾಷಣ)



ಮೂರು ದಶಕಗಳ ಕಾಲ ಕನ್ನಡವನ್ನು ಪಾಠ ಹೇಳಿ ನಿವೃತ್ತನಾದವನು ಹಳಗನ್ನಡ ಕಾವ್ಯದ ಬಗೆಗೋ ನಮ್ಮ ಜಿಲ್ಲೆಯ ಮಳಖೇಡದ ಹಿರಿಮೆಯ ಬಗೆಗೋ ಮಾತನಾಡಿದರೆ ಅದು ಸಹಜ. ಇಂದು ನಾನು ಮಾತನಾಡಲಿರುವುದು ಒಂದು ಜಲಚರವನ್ನು ಕುರಿತು; ಅದೂ ಕನ್ನಡದಲ್ಲಿ ಹೆಸರೇ ಇಲ್ಲದ ಜಲಚರವನ್ನು ಕುರಿತು. ಇದು ಅಧಿಕಪ್ರಸಂಗವೆಂದು ತೋರಿದರೆ ಕ್ಷಮೆಯಿರಲಿ. ಆ ಪ್ರಾಣಿ ನನಗೆ ಕಲಿಸಿದ್ದು ನನ್ನ ಶಾಸ್ತ್ರದ ಪಾಠವನ್ನೇ ಆದ್ದರಿಂದ ನನಗೆ ಈ ಧೈರ್ಯ ಬಂದಿದೆ.

ನಮ್ಮೂರು ನಿಂಬರ್ಗಾ. ಹೆಸರು ಕೇಳಿದವರು ಬೇರೆ ತಾಲ್ಲೂಕಿನ ನಿಂಬರಗಿ ಎಂದು ತಿಳಿಯುವುದುಂಟು. ನಮ್ಮದು ಆಳಂದ ತಾಲ್ಲೂಕಿನದು. ಕರಿಯ ಎರೆಭೂಮಿ, ತೊಗರಿ ಮತ್ತು ಬಿಳಿಜೋಳದ ಊರು. ಚೈತ್ರ ಕಾಲಿಟ್ಟಿತೆಂದರೆ ಮಧ್ಯಾಹ್ನ ಹನ್ನೊಂದರ ಮೇಲೆ ಬೀದಿಯಲ್ಲಿ ನಾಯಿಯೂ ತಿರುಗುವುದಿಲ್ಲ. ಇಂಥ ಊರಿಗೆ 2025ರ ಫೆಬ್ರುವರಿಯ ಒಂದು ಸಂಜೆ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗ ಒಂದು ಮುಚ್ಚಳದ ಬಕೀಟನ್ನು ಎದೆಗವುಚಿಕೊಂಡು ಬಸ್ಸಿನಿಂದ ಇಳಿದ. ಒಳಗೆ ಎರಡು ಜೀವಗಳಿದ್ದವು. ಒಂದು ಕೆಸರಿನಂತೆ ಕಪ್ಪು, ಇನ್ನೊಂದು ಸಿಪ್ಪೆ ಸುಲಿದ ಉಳ್ಳಾಗಡ್ಡಿಯಂತೆ ಬಿಳುಪು. ಹಲ್ಲಿಯ ಮೈ, ಮೀನಿನ ಬಾಲ, ತಲೆಯ ಎರಡೂ ಮಗ್ಗುಲಿಗೆ ಮೂರು ಮೂರು ಗರಿಗಳಂತೆ ಹೊರಚಾಚಿದ ಕಿವಿರುಗಳು. ಮುಖದಲ್ಲಿ ಮಾತ್ರ, ಯಾರೋ ಹಾಸ್ಯ ಹೇಳಿದಾಗ ಕೇಳಿಯೂ ಕೇಳದವರಂತೆ ನಗುವ ಒಂದು ಕಿರುನಗೆ.

"ಮುತ್ಯಾ, ರೂಮು ಖಾಲಿ ಮಾಡಿದೋರು ಇವನ್ನ ಬಿಟ್ಟು ಹೋಗ್ಯಾರ. ನಾಕು ದಿನದಿಂದ ಯಾರೂ ನೋಡಿಲ್ಲ. ಸಾಯ್ತಾವ, ಏನರೆ ಮಾಡ್ರಿ" ಎಂದ ಹುಡುಗ. ನಮ್ಮ ಮನೆಯವರು ಬಕೀಟಿನೊಳಗೆ ಇಣುಕಿ, "ಏನ್ರಿ ಇದು, ಹಲ್ಲಿಗೆ ಹೂ ಮುಡಿಸಿದಂಗ ಅದ" ಎಂದರು. ಹೆಸರಿಲ್ಲದ ಪ್ರಾಣಿಯ ಬಗ್ಗೆ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ವರ್ಣನೆ ಅದು. ನಾನು ಓದಿದ ಪುಸ್ತಕಗಳಲ್ಲಿ ಅದಕ್ಕಿಂತ ಒಳ್ಳೆಯದು ಈವರೆಗೆ ಸಿಕ್ಕಿಲ್ಲ.

ಪ್ರಾಣಿಯ ಹೆಸರು ಆಕ್ಸೊಲಾಟ್ಲ್. ಇದು ಮೆಕ್ಸಿಕೋ ದೇಶದ ನಾವಾಟ್ಲ್ ಭಾಷೆಯ ಮಾತು. ಆಸ್ಟೆಕ್ ಜನರ ನುಡಿ. 'ಆಟ್ಲ್' ಎಂದರೆ ನೀರು. ಉಳಿದ ಭಾಗ ಷೊಲಾಟ್ಲ್ ಎಂಬ ದೇವತೆಯ ಹೆಸರು. ಈ ದೇವತೆಗೆ ನಾಯಿಯ ಮುಖ. ಅದರಿಂದ ಕೆಲವರು ಪ್ರಾಣಿಯ ಹೆಸರನ್ನು 'ನೀರಿನ ನಾಯಿ' ಎಂದು ಅರ್ಥೈಸುತ್ತಾರೆ. ಹಾಗೆಂದು ನಾವು ಕನ್ನಡದಲ್ಲಿ ನೀರುನಾಯಿ ಎನ್ನುವಂತಿಲ್ಲ. ತುಂಗಭದ್ರೆಯಲ್ಲಿ ಮೀನು ಹಿಡಿದು ಬದುಕುವ ಬೇರೊಂದು ಪ್ರಾಣಿ ಆ ಹೆಸರನ್ನು ಆಗಲೇ ಪಡೆದುಕೊಂಡಿದೆ. ಇದು ಸೇರುವ ಸಲಮಾಂಡರ್ ಬಳಗ ಭಾರತದಲ್ಲಿ ಇರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಕಾಣದ ಪ್ರಾಣಿಗೆ ನಮ್ಮ ಹಿರಿಯರು ಹೆಸರಿಡಲಿಲ್ಲ, ತಪ್ಪೇನೂ ಇಲ್ಲ.

ಆಸ್ಟೆಕ್ಕರ ಪುರಾಣದಲ್ಲಿ ಒಂದು ಕಥೆಯಿದೆ. ಸೂರ್ಯ ಚಲಿಸಬೇಕಾದರೆ ದೇವತೆಗಳೆಲ್ಲ ತಮ್ಮ ಪ್ರಾಣವನ್ನು ಅರ್ಪಿಸಬೇಕಾಯಿತು. ಷೊಲಾಟ್ಲ್ ಸಾಯಲು ಒಲ್ಲದೆ ಓಡಿದ. ಮೊದಲು ಮೆಕ್ಕೆಜೋಳದ ಹೊಲದಲ್ಲಿ ಜೋಡಿದಂಟಿನ ಪೈರಾದ, ಕಂಡುಹಿಡಿದರು. ಕತ್ತಾಳೆಯಾದ, ಅಲ್ಲಿಯೂ ಹಿಡಿದರು. ಕೊನೆಗೆ ನೀರಿಗಿಳಿದು ಆಕ್ಸೊಲಾಟ್ಲ್ ಆದ. ಅಲ್ಲಿ ಸಿಕ್ಕಿಬಿದ್ದ. ತಪ್ಪಿಸಿಕೊಳ್ಳಲೆಂದು ನೀರಿಗಿಳಿದವನಿಗೆ ನೀರಿನಲ್ಲಿಯೂ ಬಿಡುಗಡೆ ಇಲ್ಲ. ಈ ಕಥೆ ಇಂದಿಗೂ ನಿಜವಾಗಿಯೇ ಇರುವುದು ವಿಷಾದದ ಸಂಗತಿ.

ಏಕೆಂದರೆ ಈ ಪ್ರಾಣಿಯ ತವರು ಮೆಕ್ಸಿಕೋ ನಗರದ ಅಂಚಿನ ಸೊಚಿಮಿಲ್ಕೋ ಎಂಬಲ್ಲಿನ ಕಾಲುವೆಗಳು. ಕೆರೆಯ ನಡುವೆ ಮಣ್ಣು ಪೇರಿಸಿ ಮಾಡಿದ ತೋಟಗಳ ಮಧ್ಯೆ ಹರಿಯುವ ತಣ್ಣೀರು ಅದು. 1998ರ ಗಣತಿಯಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಪ್ರಾಣಿಗಳಿದ್ದವು. 2014ರ ವೇಳೆಗೆ ಅವು ಸುಮಾರು 36ಕ್ಕೆ ಇಳಿದವು. ನಗರದ ಕೊಳಚೆ ಒಂದು ಕಾರಣ. ಜನರ ಆಹಾರಕ್ಕೆಂದು ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಮೊಟ್ಟೆ ಮರಿಗಳನ್ನು ತಿಂದುಹಾಕಿದ್ದು ಇನ್ನೊಂದು. ಇತ್ತ 1864ರಲ್ಲಿ ಹಡಗು ಹತ್ತಿ ಪ್ಯಾರಿಸ್ಸಿಗೆ ಹೋದ 34 ಪ್ರಾಣಿಗಳ ಪೈಕಿ ಆರು ಡ್ಯುಮೆರಿಲ್ ಎಂಬ ವಿದ್ವಾಂಸನ ಕೈಸೇರಿ ಮರಿ ಮಾಡಿದವು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಇರುವ ಬಹುಪಾಲು ಆಕ್ಸೊಲಾಟ್ಲ್‌ಗಳು ಅವುಗಳ ಸಂತಾನ. ಕಡಿದ ಕಾಲು ಮತ್ತೆ ಬೆಳೆಯುವ ಇದರ ಶಕ್ತಿ ವಿಜ್ಞಾನಿಗಳನ್ನು ಸೆಳೆಯಿತು. ಮುಖದ ನಗು ಸಾಕುವವರನ್ನು ಸೆಳೆಯಿತು. ಮೆಕ್ಸಿಕೋ 2021ರಲ್ಲಿ ಇದರ ಚಿತ್ರವನ್ನು ಐವತ್ತು ಪೆಸೋ ನೋಟಿನ ಮೇಲೆ ಅಚ್ಚು ಹಾಕಿತು. ನೋಟಿನ ಮೇಲೆ ಹೆಚ್ಚುತ್ತ, ಕಾಲುವೆಯಲ್ಲಿ ಕರಗುತ್ತ ಬಂದ ಪ್ರಾಣಿ ಇದು.

ಇನ್ನು ನಮ್ಮ ಬಕೀಟಿನ ಕಥೆಗೆ ಬರುತ್ತೇನೆ.

ಎಂ.ಎ. ತರಗತಿಗೆ ನಾನು ಬಹಳ ವರ್ಷ ಹೇಳಿದ ಪಾಠ ಗ್ರಂಥಸಂಪಾದನೆ. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟಿಸಿದ ಪುಸ್ತಕ ಆ ವಿಷಯದಲ್ಲಿ ನಮಗೆಲ್ಲ ಗುರು. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಇಷ್ಟು: ಓಲೆ ಕೈಗೆ ಬಂದೊಡನೆ ತಿದ್ದಲು ಹೊರಡಬೇಡಿ, ಇರುವುದನ್ನು ಇರುವ ಹಾಗೆ ಮೊದಲು ಬರೆದುಕೊಳ್ಳಿ, ಶುದ್ಧವಾಗಿ ಕಾಣುವ ಪ್ರತಿಯನ್ನು ಹೆಚ್ಚು ಅನುಮಾನದಿಂದ ನೋಡಿ. ಇಷ್ಟನ್ನು ಬೋಧಿಸಿದ ನಾನು ಆ ರಾತ್ರಿ ಮಾಡಿದ್ದೇನು? ಬಕೀಟಿನ ನೀರು ನಾರುತ್ತಿತ್ತು. ಶುದ್ಧಿಯ ಉತ್ಸಾಹದಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನು ತರಿಸಿ, ಹಳೆಯ ನೀರನ್ನೆಲ್ಲ ಚೆಲ್ಲಿ, ಹೊಸ ನೀರಿಗೆ ಬರ್ಫದ ತುಂಡು ಹಾಕಿ, ಎರಡನ್ನೂ ಅದರೊಳಕ್ಕೆ ಬಿಟ್ಟೆ. ಪುಣ್ಯದ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ ಬಿಳಿಯದು ನೀರಿನ ಮೇಲೆ ಒಂದು ಮಗ್ಗುಲಾಗಿ ತೇಲುತ್ತಿತ್ತು. ಅದರ ಕಿವಿರುಗಳು ಮುಂದಕ್ಕೆ ಬಾಗಿದ್ದವು. ಬಾಲದ ತುದಿ ಕೊಂಡಿಯಂತೆ ಸುರುಳಿಯಾಗಿತ್ತು. ಆಗ ಗಾಬರಿಯಾಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳಿಗೆ ದೂರವಾಣಿ ಮಾಡಿದೆ. ಆಕೆ ಬೀದರಿನಲ್ಲಿ ಪಶುವೈದ್ಯಕೀಯ ಓದಿ ಬೆಂಗಳೂರಿನಲ್ಲಿ ವೃತ್ತಿಯಲ್ಲಿದ್ದಾರೆ. ನನ್ನ ಮಾತನ್ನೆಲ್ಲ ಕೇಳಿ ಆಕೆ ಹೇಳಿದರು: "ಸರ್, ನೀರು ಹೊಲಸಾಗಿದ್ದರೂ ಅವು ಅದಕ್ಕೆ ಹೊಂದಿಕೊಂಡಿದ್ದವು. ನೀವು ಒಂದೇ ಏಟಿಗೆ ನೀರಿನ ಉಪ್ಪಿನಂಶವನ್ನೂ ಬಿಸಿಯನ್ನೂ ಎರಡನ್ನೂ ಕಿತ್ತುಕೊಂಡಿರಿ."

ಇದರ ಮರ್ಮವನ್ನು ಆಕೆ ಬಿಡಿಸಿ ಹೇಳಿದರು. ಯಂತ್ರದಲ್ಲಿ ಸೋಸಿದ ನೀರಿನಲ್ಲಿ ಲವಣಗಳು ಬಹುಪಾಲು ಇರುವುದಿಲ್ಲ. ಅಂಥ ನೀರಿನಲ್ಲಿ ಇಟ್ಟರೆ ಪ್ರಾಣಿಯ ಮೈಯೊಳಗಿನ ಲವಣವೇ ತೆಳು ಚರ್ಮದ ಮೂಲಕ ಸೋರಿಹೋಗುತ್ತದೆ. ಇದಕ್ಕೆ ಬೇಕಾದದ್ದು ಸ್ವಲ್ಪ ಗಡಸು ನೀರು. ಎಂಥ ವಿಚಿತ್ರ ನೋಡಿ! ಬೇಳೆ ಬೇಯುವುದಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಶಪಿಸುವ ನಮ್ಮ ಹೊಲದ ಬಾವಿಯ ನೀರು ಈ ಪರದೇಶಿಗೆ ಒಗ್ಗುವ ನೀರು. ನಳದ ನೀರಾದರೆ ಕ್ಲೋರಿನ್ ಹೋಗುವಂತೆ ಮಾಡಿಯೇ ಬಳಸಬೇಕು. ಬಾವಿಯ ನೀರಿನಲ್ಲಿಯೂ ಗೊಬ್ಬರದ ನೈಟ್ರೇಟ್ ಇದ್ದೀತೆಂದು ಆಕೆ ಎಚ್ಚರಿಸಿದರು. ಮೊಮ್ಮಗ ಕಲಬುರಗಿಯಿಂದ ಪರೀಕ್ಷೆಯ ದ್ರಾವಣಗಳನ್ನು ತಂದು ನೋಡಿದ. ಬಾವಿ ನಮ್ಮ ಮಾನ ಉಳಿಸಿತು.

ಅಂದಿನಿಂದ ನಾನು ವಿದ್ಯಾರ್ಥಿಯಾದೆ. ಹೊಸದಾಗಿ ಬಂದ ಪ್ರಾಣಿಗೆ ಮೊದಲು ಬೇಕಾದದ್ದು ದೊಡ್ಡ ಗಾಜಿನ ತೊಟ್ಟಿಯಲ್ಲ, ಬರಿದಾದ ಒಂದು ಪ್ಲಾಸ್ಟಿಕ್ ಟಬ್ಬು. ತೊಟ್ಟಿಯೊಂದು ವಾಸಯೋಗ್ಯವಾಗಲು ಆರು ವಾರವಾದರೂ ಬೇಕು. ಪ್ರಾಣಿಯ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಬೇರೊಂದು ಬಗೆಯವು ಅದನ್ನು ಅಷ್ಟು ಅಪಾಯವಲ್ಲದ ನೈಟ್ರೇಟ್ ಮಾಡುತ್ತವೆ. ಹೆಪ್ಪು ಹಾಕದೆ ಮೊಸರಾಗದ ಹಾಗೆ, ಈ ಜೀವಿಗಳು ನೆಲೆಯೂರದೆ ತೊಟ್ಟಿ ಸಿದ್ಧವಾಗದು. ಅಲ್ಲಿಯವರೆಗೆ ಟಬ್ಬಿನಲ್ಲಿಟ್ಟು, ದಿನಕ್ಕೊಮ್ಮೆ ನೀರನ್ನೆಲ್ಲ ಬದಲಿಸಬೇಕು. ಹೊಸ ನೀರು ಹಳೆಯ ನೀರಿನಷ್ಟೇ ತಂಪಾಗಿರಬೇಕು. ಎರಡು ಪ್ರಾಣಿಗೆ ಎರಡು ಟಬ್ಬು, ಎರಡು ಚೊಂಬು. ಒಂದರ ರೋಗ ಇನ್ನೊಂದಕ್ಕೆ ಅಂಟಬಾರದು, ಒಂದು ಇನ್ನೊಂದರ ಕಾಲು ಕಚ್ಚಬಾರದು. ರೆಪ್ಪೆಯಿಲ್ಲದ ಕಣ್ಣಿಗೆ ಬೆಳಕು ಬೇಡ. ಆದ್ದರಿಂದ ಒಡೆದ ಮಡಕೆಯ ಅರ್ಧವನ್ನು ಕವುಚಿಟ್ಟು ಅವಕ್ಕೊಂದು ಗವಿ ಮಾಡಿದೆವು.

ನಿಜವಾದ ಶತ್ರು ಬಿಸಿ. ಇದಕ್ಕೆ ಹಿತವಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು. 24 ದಾಟಿದರೆ ಜೀವಕ್ಕೆ ಸಂಕಟ. ಆ ದಿನ ನಮ್ಮ ಪಡಸಾಲೆಯಲ್ಲಿ ನೀರು 26 ತೋರಿಸಿತು. ದಪ್ಪ ಮಣ್ಣಿನ ಗೋಡೆಯ, ಶಹಾಬಾದ್ ಕಲ್ಲು ಹಾಸಿದ ಒಳಕೋಣೆಗೆ ಟಬ್ಬುಗಳನ್ನು ಸಾಗಿಸಿದೆವು. ನಮ್ಮ ಮನೆಯವರು ಟಬ್ಬಿನ ಸುತ್ತ ಒದ್ದೆ ಗೋಣಿತಾಟು ಸುತ್ತಿ, ಮೇಲೆ ಫ್ಯಾನಿನ ಗಾಳಿ ಬೀಸುವಂತೆ ಮಾಡಿದರು. ಒಣಹವೆಯ ನಾಡಿನಲ್ಲಿ ಆರುವ ನೀರು ತನ್ನೊಡನೆ ಬಿಸಿಯನ್ನೂ ಒಯ್ಯುತ್ತದೆಂಬುದು ಮಡಕೆಯ ನೀರು ಕುಡಿದವರಿಗೆಲ್ಲ ಗೊತ್ತು. ಅಷ್ಟರಿಂದಲೇ 22ಕ್ಕೆ ಇಳಿಯಿತು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿದು, ಸರದಿಯಂತೆ ತೇಲಿಬಿಟ್ಟಾಗ ಮೆಲ್ಲಮೆಲ್ಲನೆ 19ಕ್ಕೆ ಬಂತು. ಕರೆಂಟು ಹೋದ ರಾತ್ರಿಗಳಲ್ಲಿ ನಾವಿಬ್ಬರೂ ಸರದಿಯ ಮೇಲೆ ಬೀಸಣಿಗೆ ಹಿಡಿದು ಕೂತದ್ದನ್ನು ಮಕ್ಕಳು ಕೇಳಿ ನಕ್ಕರು. ನಗಲಿ.

ಆರೋಗ್ಯದ ತಪಾಸಣೆಗೆ ಆಕೆ ಒಂದು ಕ್ರಮ ಹೇಳಿಕೊಟ್ಟರು. ಮುಟ್ಟದೆ ನೋಡುವುದು ಮೊದಲು. ಕಿವಿರಿನ ಗರಿಗಳು ತುಂಬಿಕೊಂಡಿವೆಯೆ, ಉದುರಿವೆಯೆ? ಅವುಗಳ ಮೇಲೆ ಹತ್ತಿಯ ಎಳೆಯಂಥ ಬೂಷ್ಟು ಇದೆಯೆ? ನೆಲಕ್ಕೆ ಕಾಲೂರಿ ನಿಲ್ಲುತ್ತದೆಯೆ, ತೇಲುತ್ತದೆಯೆ? ಮೇಲಿನಿಂದ ನೋಡಿದಾಗ ಹೊಟ್ಟೆಯ ಅಗಲ ತಲೆಯ ಅಗಲಕ್ಕೆ ಸಮನಾಗಿದೆಯೆ? ಕಿರಿದಾದರೆ ಹಸಿವು, ಬಹಳ ಹಿರಿದಾದರೆ ಬೇರೆ ಸಂಶಯ. ಆಮೇಲೆ ಪಾರದರ್ಶಕವಾದ ಡಬ್ಬಿಯಲ್ಲಿ ನೀರಿನೊಡನೆ ತುಂಬಿಕೊಂಡು, ಅಡಿಯಿಂದ ದೀಪ ಹಿಡಿದು ಹೊಟ್ಟೆಯ ಕೆಳಭಾಗವನ್ನು ನೋಡಬೇಕು. ಬಲೆಯಲ್ಲಿ ಎತ್ತಬಾರದು, ಕಿವಿರು ಸಿಕ್ಕಿಕೊಳ್ಳುತ್ತದೆ. ಒಣಗೈಯಲ್ಲಿ ಮುಟ್ಟಬಾರದು, ಮೈಯ ಲೋಳೆಯೇ ಅದರ ಕವಚ. ಕೊನೆಗೆ ತೂಕ. ನೀರು ತುಂಬಿದ ಪಾತ್ರೆಯನ್ನು ಮೊದಲು ತೂಗಿ, ಪ್ರಾಣಿಯನ್ನು ಬಿಟ್ಟು ಮತ್ತೆ ತೂಗಿ, ಕಳೆದು ಬರೆದುಕೊಳ್ಳಬೇಕು.

ನಾನು ಬಿಳಿಯದನ್ನು ಈ ಕ್ರಮದಲ್ಲಿಯೇ ನೋಡಿದೆ. ತೂಕ 46 ಗ್ರಾಂ. ಎಡಗಡೆಯ ಕಿವಿರಿನಲ್ಲಿ ಬೂಷ್ಟು. ಮುಂಗಾಲಿನ ಎರಡು ಬೆರಳು ಇಲ್ಲ. ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದೆ. ಕರಿಯದು ಚುರುಕಾಗಿತ್ತು. ಹೊಟ್ಟೆ ತುಂಬಿಕೊಂಡು ದುಂಡಗೆ ಕಾಣುತ್ತಿತ್ತು. ಕೈ ತೋರಿಸಿದರೆ ಬಾಯಿ ತೆರೆದು ಬರುತ್ತಿತ್ತು. ಎರೆಹುಳು ಹಾಕಿದರೆ ಗಬಕ್ಕನೆ ನುಂಗಿತು. ಇದು ಗಟ್ಟಿ ಪ್ರಾಣಿ, ಇದಕ್ಕೇನೂ ಆಗಿಲ್ಲವೆಂದು ಅಡಿಯಿಂದ ದೀಪ ಹಿಡಿಯುವ ಗೋಜಿಗೆ ಹೋಗಲಿಲ್ಲ. ಎರಡನೆಯ ದಿನವೂ ಹುಳು ಹಾಕಿದೆ, ಮೂರನೆಯ ದಿನವೂ ಹಾಕಿದೆ. ನಾಲ್ಕನೆಯ ದಿನ ಅದು ತಿನ್ನಲಿಲ್ಲ. ಆರನೆಯ ದಿನ ಬೆಳಗ್ಗೆ ಮಡಕೆಯ ಗವಿಯೊಳಗೆ ಸತ್ತಿತ್ತು.

ಬೇವಿನ ಮರದ ಬುಡದಲ್ಲಿ ಹೂಳುವಾಗ ಮೊಮ್ಮಗ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಮುತ್ಯಾ, ಹೊಟ್ಟಿ ಮುಟ್ಟಿ ನೋಡ್ರಿ" ಎಂದ. ಒಳಗೆ ಹರಳುಗಳು ಗಟ್ಟಿಗಟ್ಟಿಯಾಗಿ ಬೆರಳಿಗೆ ಸಿಕ್ಕವು. ಹಳೆಯ ತೊಟ್ಟಿಯಲ್ಲಿ ಅಲಂಕಾರಕ್ಕೆಂದು ಬಣ್ಣದ ಹರಳುಗಳನ್ನು ಹಾಸಿದ್ದರಂತೆ. ಈ ಪ್ರಾಣಿ ಆಹಾರವನ್ನು ಅಗಿಯುವುದಿಲ್ಲ. ಬಾಯಿ ತೆರೆದು ನೀರಿನೊಡನೆ ಹೀರಿಕೊಳ್ಳುತ್ತದೆ. ಹೀರುವಾಗ ಹರಳನ್ನೂ ನುಂಗುತ್ತದೆ. ಹಾದಿ ಕಟ್ಟಿದ ಹೊಟ್ಟೆಗೆ ನಾನು ಮೂರು ದಿನ ಹುಳು ತುಂಬಿದ್ದೆ. ಮೊದಲ ದಿನವೇ ದೀಪ ಹಿಡಿದಿದ್ದರೆ ಪಶುವೈದ್ಯೆ ಆಹಾರ ನಿಲ್ಲಿಸಲು ಹೇಳುತ್ತಿದ್ದರು, ತಂಪಿನಲ್ಲಿಟ್ಟು ಕಾಯುತ್ತಿದ್ದೆವು, ಕೆಲವೊಮ್ಮೆ ಹರಳು ತಾನಾಗಿ ಹೊರಬೀಳುವುದುಂಟು. ಉಳಿಯುತ್ತಿತ್ತೋ ಇಲ್ಲವೋ, ಆ ಅವಕಾಶವನ್ನು ನಾನು ಅದಕ್ಕೆ ಕೊಡಲಿಲ್ಲ. ಶುದ್ಧವಾಗಿ ಕಾಣುವ ಪ್ರತಿಯನ್ನು ಹೆಚ್ಚು ಅನುಮಾನದಿಂದ ನೋಡಿ ಎಂದು ವರ್ಷವರ್ಷವೂ ಹೇಳಿದ ಮಾತು ಆ ಬೇವಿನ ನೆರಳಿನಲ್ಲಿ ನನ್ನ ಕಿವಿಗೇ ಕೇಳಿಸಿತು.

ಬಿಳಿಯದು ಉಳಿಯಿತು. ಅದಕ್ಕೆ ನಾನು ಮಾಡಿದ್ದು ಬಹಳ ಕಡಿಮೆ. ಪಶುವೈದ್ಯೆ ಹೇಳಿದ ಹಾಗೆ ತಂಪು, ಶುದ್ಧವಾದ ಗಡಸು ನೀರು, ಕತ್ತಲೆ, ಮೌನ. ಬೂಷ್ಟಿಗೆ ಆಕೆಯ ಸಲಹೆಯಂತೆ ಅಳತೆಯ ಉಪ್ಪುನೀರಿನ ಕಿರುಸ್ನಾನ. ಮೊದಲ ಐದು ದಿನ ಅದು ಏನನ್ನೂ ತಿನ್ನಲಿಲ್ಲ. ತಿನ್ನದ ಕೂಸನ್ನು ಕಂಡಾಗ ಮನೆಯವರಿಗೆ ಆಗುವ ಸಂಕಟವನ್ನು ಬಲ್ಲಿರಿ. ಆರನೆಯ ದಿನ ಒಂದು ತುಂಡು ಎರೆಹುಳು ತಿಂದಿತು. ಮೂರನೆಯ ವಾರಕ್ಕೆ ತೂಕ 57 ಗ್ರಾಂ ಆಯಿತು. ಕಿವಿರಿನ ಗರಿಗಳು ಚಿಗುರಿದವು. ಇಲ್ಲದ ಎರಡು ಬೆರಳುಗಳ ಜಾಗದಲ್ಲಿ ಸಾಸಿವೆ ಕಾಳಿನಂಥ ಎರಡು ಮೊಗ್ಗು ಕಾಣಿಸಿಕೊಂಡವು. ಅಕ್ಕಪಕ್ಕದ ಮಕ್ಕಳು ಸಾಲುಗಟ್ಟಿ ಬಂದು ಅದನ್ನು ನೋಡಿಹೋದರು.

ಇಟ್ಟುಕೊಳ್ಳಬೇಕೆಂಬ ಆಸೆ ಆಗ ಹುಟ್ಟಿತು. ಆದರೆ ಮಾರ್ಚ್ ಬಂದಿತ್ತು. ಒದ್ದೆ ಗೋಣಿತಾಟಿನ ಉಪಾಯ ಸೋಲತೊಡಗಿತು. ನಮ್ಮಲ್ಲಿ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ನನ್ನ ಪ್ರೀತಿ ಅದನ್ನು ತಂಪು ಮಾಡುವಂಥದಲ್ಲ. ಇನ್ನೊಂದು ಸಂಗತಿಯೂ ಇತ್ತು. ಈ ಪ್ರಾಣಿ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, 2024ರ ನಿಯಮಗಳಂತೆ, ಇಂಥ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರ್ಕಾರದ ಪರಿವೇಶ್ ಜಾಲದಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ ತಿಳಿಸಬೇಕು. ಬಿಟ್ಟುಹೋದವರು ಅದಾವುದನ್ನೂ ಮಾಡಿರಲಿಲ್ಲ. ಮೊಮ್ಮಗ ಕಾಗದಪತ್ರಗಳನ್ನೆಲ್ಲ ಸಲ್ಲಿಸಿದ. ಬೆಂಗಳೂರಿನಲ್ಲಿ ನೀರು ತಂಪಾಗಿಸುವ ಯಂತ್ರವಿರುವ, ಅನುಭವಿಗಳ ಮನೆಯೊಂದನ್ನು ಪಶುವೈದ್ಯೆ ಹುಡುಕಿಕೊಟ್ಟರು.

"ಅಮರ್ಜಾ ಆಣೆಕಟ್ಟಿನ್ಯಾಗ ಬಿಟ್ರ ಆಗಲ್ಲೇನ್ರಿ ಸರ?" ಎಂದು ನೆರೆಯವರೊಬ್ಬರು ಕೇಳಿದರು. ಕರುಣೆಯಿಂದಲೇ ಕೇಳಿದ ಪ್ರಶ್ನೆ ಅದು. ಬಿಟ್ಟರೆ ಬಿಸಿಗೆ ಅದು ಸಾಯುತ್ತದೆ. ಸಾಯುವ ಮುನ್ನ ತನ್ನ ರೋಗವನ್ನು ನಮ್ಮ ಕಪ್ಪೆಗಳಿಗೆ ದಾಟಿಸಲೂಬಹುದು. ಸೊಚಿಮಿಲ್ಕೋವಿನ ಕಾಲುವೆ ಹಾಳಾದದ್ದೂ ಒಳ್ಳೆಯ ಮನಸ್ಸಿನಿಂದ ತಂದುಬಿಟ್ಟ ಮೀನುಗಳಿಂದಲೇ ಅಲ್ಲವೆ? ಬಿಡುಗಡೆಗೂ ಒಂದು ಶಾಸ್ತ್ರವಿದೆ. 2018ರ ನವೆಂಬರಿನಲ್ಲಿ, ಸಾಕುವವರಿಗಾಗಿ ಸಿಂಗಪುರಕ್ಕೆ ಕಳ್ಳಸಾಗಣೆಯಾಗಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದರು. ಸ್ವಂತ ನಾಡಿಗೇ ಬಂದ ಆ ಆಮೆಗಳನ್ನೂ ನೇರವಾಗಿ ಕಾಡಿಗೆ ಬಿಡಲಿಲ್ಲ. ಬೇರೆಯಾಗಿಟ್ಟು ಆರೋಗ್ಯ ನೋಡುವ ಏರ್ಪಾಟನ್ನು ಮೊದಲು ಮಾಡಿದರು. ಮೆಕ್ಸಿಕೋದಲ್ಲಿಯೂ ಸಾಕಿ ಬೆಳೆಸಿದ 18 ಆಕ್ಸೊಲಾಟ್ಲ್‌ಗಳನ್ನು ಮೈಯಲ್ಲಿ ಸಂಕೇತಯಂತ್ರ ಇಟ್ಟು, ಅವುಗಳಿಗೆಂದೇ ಸಿದ್ಧಪಡಿಸಿದ ನೀರಿನಲ್ಲಿ ಬಿಟ್ಟು ಹಿಂಬಾಲಿಸಿದರು. ಗಮನಿಸಿದ ಅವಧಿಯಲ್ಲಿ ಎಲ್ಲವೂ ಬದುಕಿದ್ದವು, ಮತ್ತೆ ಹಿಡಿದು ತೂಗಿದವು ಮೈತುಂಬಿಕೊಂಡಿದ್ದವು ಎಂದು 2025ರಲ್ಲಿ ವರದಿ ಪ್ರಕಟವಾಯಿತು. ಆ ಸುದ್ದಿ ಓದಿದ ದಿನ ನಾನು ನಮ್ಮ ಮನೆಯವರನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದೆ.

ಯುಗಾದಿಗೆ ಮುಂಚಿನ ಒಂದು ರಾತ್ರಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ತಂಪಾದ ಬಾವಿಯ ನೀರಿನ ಡಬ್ಬಿಯಲ್ಲಿ ಅದನ್ನಿಟ್ಟು, ಮೊಮ್ಮಗ ಬೆಂಗಳೂರಿನ ಬಸ್ಸು ಹತ್ತಿದ. ಎರಡು ದಿನ ಮೊದಲೇ ಆಹಾರ ನಿಲ್ಲಿಸಿದ್ದೆವು. ಪ್ರಯಾಣದಲ್ಲಿ ನೀರು ಕೆಡಬಾರದಲ್ಲ. ಅವನ ಕೈಯಲ್ಲಿ ನನ್ನ ನೋಟುಪುಸ್ತಕವನ್ನೂ ಕೊಟ್ಟು ಕಳಿಸಿದೆ. ಅದರಲ್ಲಿ ಬಿಳಿಯದರ ದಿನವಹಿ ಮೂವತ್ತು ಪುಟ ಇದೆ. ಕರಿಯದಕ್ಕೆ ಒಂದು ಪುಟ; ಅದರಲ್ಲಿ ಮೊದಲ ದಿನದ ಎದುರಿಗೆ 'ಆರೋಗ್ಯವಾಗಿದೆ' ಎಂದಷ್ಟೇ ನಾನು ಬರೆದಿದ್ದೆ. ಆ ಮಾತನ್ನು ಹೊಡೆದುಹಾಕಬೇಕೆಂದುಕೊಂಡು ಪೆನ್ನು ತೆಗೆದವನು ಹಾಗೆಯೇ ಬಿಟ್ಟೆ. ಇದ್ದದ್ದು ಇದ್ದ ಹಾಗೆ ಇರಲಿ. ಮುಂದೆ ಓದುವವರಿಗೆ ಅದು ಉಪಯೋಗಕ್ಕೆ ಬಂದೀತು.

ಮಿತ್ರರೆ, ನಿಮ್ಮ ಮನೆಗೂ ಬೀದಿಯಿಂದಲೋ ಬಿಟ್ಟುಹೋದವರಿಂದಲೋ ಒಂದು ಜೀವ ಬಂದೀತು. ಅದು ಆಕ್ಸೊಲಾಟ್ಲ್ ಆಗಿರಬೇಕೆಂದಿಲ್ಲ. ಬೆಕ್ಕಿನ ಮರಿಯಾಗಬಹುದು, ರೆಕ್ಕೆ ಮುರಿದ ಗಿಳಿಯಾಗಬಹುದು. ಅದಕ್ಕೆ ಉಪಕಾರ ಮಾಡುವ ಆತುರವನ್ನು ಒಂದು ರಾತ್ರಿಯ ಮಟ್ಟಿಗೆ ತಡೆದುಕೊಳ್ಳಿ. ಬಲ್ಲವರನ್ನು ಕೇಳಿ. ನರಳುವುದನ್ನು ನೋಡಿದಷ್ಟೇ ಎಚ್ಚರದಿಂದ ನರಳದಿರುವುದನ್ನೂ ನೋಡಿ.